ಅಮೈನೋ: ಅಮ್ಮೋನನ ಉಪ್ಪಿನಿಂದ ಮೀನಿನ ಮೇವಿಗೆ

ತಾಮ್ರ, ಹಿತ್ತಾಳೆಯ ಪಾತ್ರೆಗಳಿಗೆ ಕಲಾಯಿ ಹಾಕುವವರು ಈಗ ಅಪರೂಪ. ಅವರ ಕೆಲಸವನ್ನು ಒಮ್ಮೆ ಹತ್ತಿರ ಕೂತು ನೋಡಿದವರಿಗೆ ಅದರ ವಾಸನೆ ಮಾತ್ರ ಮರೆಯುವುದಿಲ್ಲ. ನೆಲದಲ್ಲಿ ತೋಡಿದ ಪುಟ್ಟ ಕುಲುಮೆ, ತಿದಿ ಒತ್ತಿದಂತೆಲ್ಲ ಕೆಂಪೇರುವ ಇದ್ದಿಲು. ಪಾತ್ರೆ ಹದವಾಗಿ ಕಾದ ಮೇಲೆ ಇಕ್ಕಳದಲ್ಲಿ ಹಿಡಿದೆತ್ತಿ, ಒಳಗೆ ಒಂದು ಚಿಟಿಕೆ ಬಿಳಿ ಪುಡಿ ಎರಚುತ್ತಾರೆ. ಭುಸ್ಸೆಂದು ಬೆಳ್ಳನೆಯ ಹೊಗೆ ಏಳುತ್ತದೆ. ಮೂಗು ಚುರುಗುಟ್ಟಿ ಕಣ್ಣಲ್ಲಿ ನೀರಾಡುತ್ತದೆ. ಹೊಗೆ ಆರುವಷ್ಟರಲ್ಲಿ ತವರದ ಕಡ್ಡಿ ತಾಗಿಸಿ ಹತ್ತಿಯುಂಡೆಯಿಂದ ಉಜ್ಜಿದರೆ ಪಾತ್ರೆಯ ಒಡಲೆಲ್ಲ ಹೊಳೆಯುತ್ತದೆ. ಆ ಬಿಳಿ ಪುಡಿಗೆ ನಮ್ಮಲ್ಲಿ ನವಸಾಗರ ಎಂದು ಹೆಸರು. ರಸಾಯನಶಾಸ್ತ್ರದಲ್ಲಿ ಅದು ಅಮೋನಿಯಂ ಕ್ಲೋರೈಡ್. ಬಿಸಿ ತಾಗಿದಾಗ ಅದು ಅಮೋನಿಯಾ ಮತ್ತು ಹೈಡ್ರೋಜನ್ ಕ್ಲೋರೈಡ್ ಎಂಬ ಎರಡು ಅನಿಲಗಳಾಗಿ ಒಡೆಯುತ್ತದೆ. ಎರಡನೆಯದು ತಾಮ್ರದ ಮೇಲಿನ ಕಿಲುಬನ್ನು ತಿಂದು ಲೋಹವನ್ನು ಬೆತ್ತಲಾಗಿಸುತ್ತದೆ, ಅದರಿಂದ ತವರ ಹಿಡಿಯುತ್ತದೆ. ಇನ್ನೊಂದು, ಅಂದರೆ ಮೂಗಿಗೆ ರಾಚುವ ಅಮೋನಿಯಾ, ಈ ಬರಹದ ಮೂಲಪುರುಷ.

ನವಸಾಗರವನ್ನು ಒಂಬತ್ತು ಸಾಗರವೆಂದೋ ಹೊಸ ಸಾಗರವೆಂದೋ ಬಿಡಿಸಹೊರಟರೆ ದಾರಿ ತಪ್ಪುತ್ತದೆ. ಸಮುದ್ರಕ್ಕೂ ಇದಕ್ಕೂ ನಂಟಿಲ್ಲ. ಪಾರಸಿಯ ನೌಶಾದರ್, ಹಿಂದಿಯ ನೌಸಾದರ್, ಮರಾಠಿಯ ನವಸಾಗರ, ನಮ್ಮ ರಸಶಾಸ್ತ್ರದ ಗ್ರಂಥಗಳಲ್ಲಿ ಬರುವ ನವಸಾರ, ನವಸಾದರ ಎಲ್ಲ ಒಂದೇ ಮನೆತನದವು. ವ್ಯಾಪಾರಿಗಳ ಜೋಳಿಗೆಯಲ್ಲಿ ಬಂದ ಪದಾರ್ಥದ ಜತೆ ಅದರ ಹೆಸರೂ ಬಂತು. ಬಂದ ಹೆಸರನ್ನು ನಮ್ಮ ಕಿವಿ ತನಗೆ ಗೊತ್ತಿದ್ದ ‘ಸಾಗರ’ಕ್ಕೆ ಹೊಂದಿಸಿಕೊಂಡಿತು.

ಅದೇ ಉಪ್ಪಿಗೆ ಯುರೋಪಿನಲ್ಲಿ ಬಿದ್ದ ಹೆಸರಿನ ದಾರಿ ಬೇರೆ. ಈಜಿಪ್ಟಿನ ಪಶ್ಚಿಮದ ಮರಳುಗಾಡಿನಲ್ಲಿ ಸಿವಾ ಎಂಬ ಓಯಸಿಸ್ ಇದೆ. ಅಲ್ಲಿ ಅಮುನ್ ದೇವರ ಗುಡಿಯಿತ್ತು. ಅಮುನ್ ಎಂದರೆ ಮರೆಯಾಗಿರುವವನು, ಕಣ್ಣಿಗೆ ಕಾಣದವನು. ಗ್ರೀಕರ ಬಾಯಲ್ಲಿ ಅವನು ಅಮ್ಮೋನ್ ಆದ. ಟಗರಿನ ಕೊಂಬುಗಳಿರುವ ದೇವರೆಂದು ಅವನನ್ನು ಚಿತ್ರಿಸಿದರು. ಕ್ರಿ.ಪೂ. 331ರಲ್ಲಿ ಅಲೆಕ್ಸಾಂಡರ್ ಮರಳುಗಾಡು ದಾಟಿ ಈ ಗುಡಿಗೆ ಕಣಿ ಕೇಳಲು ಹೋದದ್ದು ಇತಿಹಾಸದ ಹೆಸರಾಂತ ಘಟನೆ. ಆ ಸೀಮೆಯಲ್ಲಿ ಸಿಗುತ್ತಿದ್ದ ಉಪ್ಪನ್ನು ರೋಮನರು ‘ಅಮ್ಮೋನನ ಉಪ್ಪು’ ಎಂದು ಕರೆದರು. ಒಂದನೇ ಶತಮಾನದ ಪ್ಲಿನಿ ಅದನ್ನು ಹೆಸರಿಸುತ್ತಾನೆ, ಮರಳಿಗೆ ಗ್ರೀಕಿನಲ್ಲಿರುವ ‘ಅಮ್ಮೋಸ್’ ಪದಕ್ಕೂ ಗಂಟು ಹಾಕುತ್ತಾನೆ. ಅವನು ಹೇಳಿದ್ದು ಬಹುಶಃ ಬರೀ ಕಲ್ಲುಪ್ಪನ್ನು. ಆಮೇಲಿನ ಶತಮಾನಗಳಲ್ಲಿ ಅರಬರ ರಸವಿದ್ಯೆ ಲ್ಯಾಟಿನ್ನಿಗೆ ಹೋದಾಗ ಆ ಹಳೆಯ ಹೆಸರು ನೌಶಾದರಿನ ಮೇಲೆ ಕೂತಿತು. ಒಂಟೆಯ ಸಗಣಿ ಸುಟ್ಟ ಮಸಿಯಿಂದ ಈಜಿಪ್ಟಿನವರು ಈ ಉಪ್ಪನ್ನು ತೆಗೆದು ಯುರೋಪಿಗೆ ಮಾರುತ್ತಿದ್ದರು. ಸಗಣಿಯಲ್ಲಿದ್ದ ಸಾರಜನಕ ಹೊಗೆಯಾಗಿ ಏರಿ, ಮಸಿಯಾಗಿ ಅಂಟಿ, ಉಪ್ಪಾಗಿ ಹಡಗು ಹತ್ತಿತು.

ಆ ಟಗರುಕೊಂಬಿನ ದೇವರು ನಮ್ಮ ದೇವರಮನೆಗಳಿಗೂ ಬೇರೊಂದು ದಾರಿಯಿಂದ ಬಂದಿದ್ದಾನೆ. ಗಂಡಕಿ ನದಿಯ ಸಾಲಿಗ್ರಾಮದೊಳಗೆ ಸುರುಳಿಯಾಗಿ ಕಾಣುವುದು ಕೋಟ್ಯಂತರ ವರ್ಷ ಹಿಂದಿನ ಕಡಲಜೀವಿಯ ಅಚ್ಚು. ಅದರ ವೈಜ್ಞಾನಿಕ ಹೆಸರು ಅಮ್ಮೋನೈಟ್, ಅಮ್ಮೋನನ ಕೊಂಬು. ನಾವು ವಿಷ್ಣುಚಕ್ರವೆಂದು ಕಂಡಿದ್ದನ್ನು ಅವರು ಟಗರಿನ ಕೊಂಬೆಂದು ಕಂಡರು.

1774ರ ಹೊತ್ತಿಗೆ ಇಂಗ್ಲೆಂಡಿನ ಜೋಸೆಫ್ ಪ್ರೀಸ್ಟ್ಲಿ ನವಸಾಗರವನ್ನು ಸುಣ್ಣದೊಂದಿಗೆ ಕಾಯಿಸಿ, ಹೊಮ್ಮಿದ ಅನಿಲವನ್ನು ಪಾದರಸದ ಮೇಲೆ ಹಿಡಿದಿಟ್ಟ. ನೀರಿನ ಮೇಲೆ ಹಿಡಿಯುವಂತಿರಲಿಲ್ಲ, ಅದು ನೀರಿನಲ್ಲಿ ಅಷ್ಟು ಚೆನ್ನಾಗಿ ಕರಗುತ್ತದೆ. ಮುಂದೆ ಮೀನಿನ ಹೊಂಡಕ್ಕೆ ಬರುವಾಗ ಈ ಗುಣವನ್ನು ನೆನಪಿಟ್ಟುಕೊಳ್ಳಬೇಕು. 1782ರಲ್ಲಿ ಸ್ವೀಡನ್ನಿನ ಟೊರ್ಬರ್ನ್ ಬರ್ಗ್‌ಮನ್ ಆ ಅನಿಲಕ್ಕೆ ಅಮೋನಿಯಾ ಎಂದು ಹೆಸರಿಟ್ಟ. ಒಂದು ಪಾಲು ಸಾರಜನಕ, ಮೂರು ಪಾಲು ಜಲಜನಕ ಸೇರಿದರೆ ಅಮೋನಿಯಾ. ಇಲ್ಲಿ ಕನ್ನಡದ ಒಂದು ಆಯ್ಕೆಯನ್ನು ಮೆಚ್ಚಲೇಬೇಕು. ಇಂಗ್ಲಿಷಿನ ನೈಟ್ರೋಜನ್ ಎಂದರೆ ಪೆಟ್ಲುಪ್ಪನ್ನು ಹುಟ್ಟಿಸುವುದು ಎಂದರ್ಥ. ತೆಲುಗಿನ ನತ್ರಜನಿ ಅದನ್ನೇ ಅನುಸರಿಸಿತು. ಕನ್ನಡ ಮಾತ್ರ ಪೆಟ್ಲುಪ್ಪನ್ನು ಬಿಟ್ಟು ‘ಸಾರ’ವನ್ನು ಹಿಡಿಯಿತು. ಮಣ್ಣಿನ ಸಾರ, ಕಾಳಿನ ಸಾರ, ಮಾಂಸದ ಸಾರ ಎಲ್ಲಕ್ಕೂ ಈ ಮೂಲವಸ್ತುವೇ ಆಧಾರ ಎಂಬುದನ್ನು ಆ ಹೆಸರು ಬಾಯಿಬಿಟ್ಟು ಹೇಳುತ್ತದೆ.

ಅಮೋನಿಯಾದ ಜಲಜನಕಗಳಲ್ಲಿ ಒಂದನ್ನೋ ಎರಡನ್ನೋ ಮೂರನ್ನೋ ತೆಗೆದು ಅಲ್ಲಿ ಇಂಗಾಲದ ಗುಂಪು ಕೂರಿಸಿದರೆ ಸಿಗುವುದು ಅಮೀನ್. 1849ರಲ್ಲಿ ಫ್ರಾನ್ಸಿನ ಅಡಾಲ್ಫ್ ವುರ್ಟ್ಸ್ ಮೊದಲ ಅಮೀನುಗಳನ್ನು ಕಂಡುಹಿಡಿದಾಗ ವಾಸನೆ ಹಿಡಿದು ಅಮೋನಿಯಾ ಎಂದೇ ತಿಳಿದಿದ್ದ. ಬೆಂಕಿ ತಾಗಿ ಅದು ಹೊತ್ತಿಕೊಂಡಾಗ ಬೇರೆಯದೆಂದು ಗೊತ್ತಾಯಿತು. ಮಲ್ಪೆಯಲ್ಲೋ ಕಾರವಾರದಲ್ಲೋ ಒಣಮೀನಿನ ಅಂಗಡಿಯ ಮುಂದೆ ಹಾದುಹೋದವರಿಗೆ ಅಮೀನಿನ ಪರಿಚಯ ಇದ್ದೇ ಇದೆ: ಕಡಲಮೀನಿನ ಆ ವಾಸನೆಗೆ ಮುಖ್ಯ ಕಾರಣ ಟ್ರೈಮೀಥೈಲ್ ಅಮೀನ್. ಕೆರೆಯ ಮೀನಿನಲ್ಲಿ ಅದರ ಮೂಲವಸ್ತು ಬಹಳ ಕಡಿಮೆ, ಆದ್ದರಿಂದ ಗೆಂಡೆಗೆ ಬಂಗಡೆಯ ವಾಸನೆ ಬರುವುದಿಲ್ಲ.

ಅಮೀನಿನ ಗುಂಪೊಂದು, ಆಮ್ಲದ ಗುಂಪೊಂದು ಒಂದೇ ಅಣುವಿನಲ್ಲಿ ಕೂಡಿದರೆ ಅಮೈನೋ ಆಮ್ಲ. ಹೆಸರಿನ ಮೊದಲರ್ಧ ಈಜಿಪ್ಟಿನದು, ಉಳಿದರ್ಧ ಸಂಸ್ಕೃತದ್ದು. ಅಮ್ಲ ಎಂದರೆ ಹುಳಿ, ಷಡ್ರಸಗಳಲ್ಲಿ ಒಂದು. ನಾಲಗೆ ಮಾತ್ರ ಈ ಹೆಸರನ್ನು ಒಪ್ಪುವುದಿಲ್ಲ. 1820ರಲ್ಲಿ ಫ್ರಾನ್ಸಿನ ಬ್ರಾಕೊನೊ ಜೆಲಾಟಿನ್ನಿನಿಂದ ತೆಗೆದ ಅಮೈನೋ ಆಮ್ಲ ಸಿಹಿಯಾಗಿತ್ತು. ಗ್ರೀಕಿನ ಸಿಹಿಯೇ ಅದಕ್ಕೆ ಗ್ಲೈಸಿನ್ ಎಂಬ ಹೆಸರಾಯಿತು. ಹೀಗೆ ಸಿಹಿಯಾದದ್ದೂ ಆಮ್ಲ, ಸಪ್ಪೆಯಾದದ್ದೂ ಆಮ್ಲ.

ಈ ಮನೆತನದ ಒಬ್ಬೊಬ್ಬರ ಹೆಸರೂ ಒಂದೊಂದು ಕಥೆ. ಟೈರೋಸಿನ್ ಚೀಸಿನಿಂದ ಬಂದದ್ದು, ಸಿಸ್ಟಿನ್ ಮೂತ್ರಕೋಶದ ಕಲ್ಲಿನಿಂದ. ಇವುಗಳ ಮೇಲೆ ಹೆಚ್ಚು ನಿಲ್ಲದೆ, ನಮ್ಮ ಮಾತಿಗೆ ಹತ್ತಿರದ ಮೂರನ್ನು ನೋಡೋಣ. ಲ್ಯೂಸಿನ್‌ನ ಹರಳು ಬೆಳ್ಳಗಿತ್ತು, ಬಿಳುಪಿಗೆ ಗ್ರೀಕಿನಲ್ಲಿ ‘ಲ್ಯೂಕೋಸ್’. ಅದರ ಸಂಸ್ಕೃತದ ದಾಯಾದಿ ‘ರುಚ್’ ಧಾತು, ಹೊಳೆಯುವುದು ಎಂದರ್ಥ. ಹೊಳಪಿನಿಂದ ಚೆಂದ, ಚೆಂದದಿಂದ ಇಷ್ಟ, ಇಷ್ಟದಿಂದ ನಾಲಗೆಯ ಇಷ್ಟ ಎಂದು ಅರ್ಥ ಜಾರುತ್ತ ಬಂದು ನಮ್ಮ ‘ರುಚಿ’ಯಾಯಿತು. 1886ರಲ್ಲಿ ಲೂಪಿನ್ ಎಂಬ ಕಾಳಿನ ಮೊಳಕೆಯಿಂದ ದೊರೆತ ಆರ್ಜಿನೈನ್‌ಗೆ ಗ್ರೀಕಿನ ಬೆಳ್ಳಿಯ ಹೆಸರು. ಬೆಳ್ಳಗಿನವನು ಎಂಬ ಅರ್ಥದ ‘ಅರ್ಜುನ’ ಅದೇ ಬೇರಿನವನು. ಮೆಥಿಯೊನಿನ್ ಇನ್ನೂ ಸೊಗಸು. ಅದರ ‘ಮೀಥೈಲ್’ ಭಾಗದಲ್ಲಿ ಗ್ರೀಕಿನ ದ್ರಾಕ್ಷಾರಸ ‘ಮೆಥು’ ಇದೆ, ಅದು ನಮ್ಮ ‘ಮಧು’ವಿನ ಒಡಹುಟ್ಟು, ‘ಥಿಯೊ’ ಭಾಗದಲ್ಲಿ ಗಂಧಕವಿದೆ. ಅಣುವಿನಲ್ಲೂ ಅಷ್ಟೆ, ಮೀಥೈಲ್ ಗುಂಪು ಗಂಧಕಕ್ಕೆ ಅಂಟಿಕೊಂಡಿದೆ. ರುಚಿ, ಅರ್ಜುನ, ಮಧು ಮೂರೂ ಪರದೇಶದ ವೇಷದಲ್ಲಿ ಮೀನಿನ ಮೇವಿನ ಪಟ್ಟಿಯೊಳಗೆ ಕೂತಿವೆ.

ಹಿಸ್ಟಿಡಿನ್ ಎಂಬುದು ಹುಟ್ಟಿನಿಂದಲೇ ಮೀನಿನ ಮನೆಯದು. ಗ್ರೀಕಿನ ‘ಹಿಸ್ಟೋಸ್’ ಎಂದರೆ ಮಗ್ಗ, ಮಗ್ಗದಲ್ಲಿ ನೆಯ್ದದ್ದು. ಅಲ್ಲಿಂದ ದೇಹದ ಅಂಗಾಂಶ. 1896ರಲ್ಲಿ ಜರ್ಮನಿಯ ಆಲ್ಬ್ರೆಕ್ಟ್ ಕೊಸೆಲ್ ಇದನ್ನು ಬೇರ್ಪಡಿಸಿದ್ದು ಸ್ಟರ್ಜನ್ ಮೀನಿನ ವೀರ್ಯದಲ್ಲಿದ್ದ ಪ್ರೋಟೀನಿನಿಂದ. 1910ರಲ್ಲಿ ಅವನಿಗೆ ನೊಬೆಲ್ ಬಂತು. ಮೀನಿನಿಂದ ಮನುಷ್ಯ ಕಲಿತ ಈ ಪದಾರ್ಥವನ್ನು ಮೀನಿಗೇ ಸರಿಯಾಗಿ ಉಣಿಸಲು ಕಲಿತದ್ದು ಮತ್ತೆ ನೂರು ವರ್ಷದ ಮೇಲೆ. ಆ ಕಥೆ ಮುಂದೆ ಬರುತ್ತದೆ.

ಪ್ರೋಟೀನು ದೇಹದೊಳಗೆ ಹೋಗಿ ಅಮೈನೋ ಆಮ್ಲಗಳಾಗಿ ಬಿಚ್ಚಿಕೊಳ್ಳುತ್ತದೆ. ದೇಹ ಅವನ್ನು ತನಗೆ ಬೇಕಾದ ಕ್ರಮದಲ್ಲಿ ಮತ್ತೆ ಪೋಣಿಸುತ್ತದೆ. ಪ್ರೋಟೀನಿನಲ್ಲಿ ಬರುವ ಇಪ್ಪತ್ತು ಅಮೈನೋ ಆಮ್ಲಗಳಲ್ಲಿ ಕೆಲವನ್ನು ದೇಹ ತಾನೇ ತಯಾರಿಸಬಲ್ಲದು, ಕೆಲವನ್ನು ಹೊರಗಿನಿಂದಲೇ ಪಡೆಯಬೇಕು. ಹೊರಗಿನಿಂದಲೇ ಬೇಕಾದವುಗಳಿಗೆ ಕನ್ನಡದ ಪಠ್ಯಗಳಲ್ಲಿ ಅವಶ್ಯಕ ಅಮೈನೋ ಆಮ್ಲ ಎನ್ನುತ್ತಾರೆ. ಅಮೆರಿಕದ ವಿಲಿಯಂ ರೋಸ್ 1935ರಲ್ಲಿ ಥ್ರಿಯೊನಿನ್ ಕಂಡುಹಿಡಿದಾಗ ಇಲಿಯ ಮಟ್ಟಿಗೆ ಈ ಪಟ್ಟಿ ಪೂರ್ತಿಯಾಯಿತು. ಮೀನಿನ ಮಟ್ಟಿಗೆ ಅದನ್ನು ಮಾಡಿದವನು ಜಾನ್ ಹಾಲ್ವರ್. ವಾಷಿಂಗ್ಟನ್ ರಾಜ್ಯದ ಕುಕ್ ಎಂಬ ಊರಿನ ಮೀನುಪೋಷಣೆಯ ಪ್ರಯೋಗಾಲಯದಲ್ಲಿ, 1957ರಲ್ಲಿ, ಅವನೂ ಅವನ ಸಂಗಡಿಗರೂ ಶುದ್ಧ ಅಮೈನೋ ಆಮ್ಲಗಳ ಹರಳುಗಳಿಂದಲೇ ಮೇವು ಕಲಸಿ ಚಿನೂಕ್ ಸಾಲ್ಮನ್ ಮರಿಗಳಿಗೆ ಕೊಟ್ಟರು. ಒಂದೊಂದು ತೊಟ್ಟಿಗೆ ಒಂದೊಂದು ಅಮೈನೋ ಆಮ್ಲ ಬಿಟ್ಟು ಕಲಸಿದರು. ಹತ್ತು ತೊಟ್ಟಿಗಳ ಮರಿಗಳು ಬೆಳೆಯದೆ ನಿಂತವು. ಬಿಟ್ಟದ್ದನ್ನು ಸೇರಿಸಿದಾಗ ಮತ್ತೆ ಬೆಳೆದವು. ಆರ್ಜಿನೈನ್, ಹಿಸ್ಟಿಡಿನ್, ಐಸೊಲ್ಯೂಸಿನ್, ಲ್ಯೂಸಿನ್, ಲೈಸಿನ್, ಮೆಥಿಯೊನಿನ್, ಫೀನೈಲ್ ಅಲನಿನ್, ಥ್ರಿಯೊನಿನ್, ಟ್ರಿಪ್ಟೊಫ್ಯಾನ್, ವ್ಯಾಲಿನ್: ಆ ಹತ್ತು ಇವೇ. ಆಮೇಲೆ ಪರೀಕ್ಷಿಸಿದ ಸಾಕುಮೀನುಗಳಲ್ಲೂ ಇದೇ ಹತ್ತು ನಿಂತವು. ಹಾಲ್ವರ್ ಜತೆಗಿದ್ದ ಎಡ್ವಿನ್ ಮರ್ಟ್ಸ್, 1964ರಲ್ಲಿ ಲೈಸಿನ್ ಹೆಚ್ಚಿರುವ ಮೆಕ್ಕೆಜೋಳವನ್ನು ಲೋಕಕ್ಕೆ ತೋರಿಸಿದವರಲ್ಲಿ ಒಬ್ಬ.

ಈ ಹತ್ತರಲ್ಲಿ ಒಂದು ಕಡಿಮೆಯಾದರೆ ಉಳಿದ ಒಂಬತ್ತು ಎಷ್ಟಿದ್ದರೂ ಸಾಲದು. ಅಚ್ಚುಮೊಳೆ ಜೋಡಿಸುತ್ತಿದ್ದ ಕಾಲದ ಮುದ್ರಣಾಲಯದಲ್ಲಿ ‘ಲ’ ಮೊಳೆಗಳು ಮುಗಿದರೆ, ‘ಅ’ ಮೊಳೆಗಳು ಪೆಟ್ಟಿಗೆ ತುಂಬ ಇದ್ದರೂ ‘ಲಾಲಿ’ ಎಂಬ ಮಾತು ಅಚ್ಚಾಗುತ್ತಿರಲಿಲ್ಲ. ಮೀನಿನ ದೇಹವೂ ಅಷ್ಟೇ ಕಟ್ಟುನಿಟ್ಟು. ಹೀಗೆ ಎಲ್ಲರಿಗಿಂತ ಮೊದಲು ಮುಗಿಯುವ ಅಮೈನೋ ಆಮ್ಲವೇ ಬೆಳವಣಿಗೆಯ ಮಿತಿ. ಸಸ್ಯಮೂಲದ ಮೇವಿನಲ್ಲಿ ಆ ಮಿತಿ ಸಾಮಾನ್ಯವಾಗಿ ಲೈಸಿನ್ನಿನದು ಇಲ್ಲವೇ ಮೆಥಿಯೊನಿನ್ನಿನದು.

ನಮ್ಮ ಕೆರೆಗಳ ಕಾಟ್ಲಾಗೆ ಎಷ್ಟು ಬೇಕು? ಕಾಟ್ಲಾ ಎಂಬುದು ಬಂಗಾಳದ ಹೆಸರು. 1822ರಲ್ಲಿ ಗಂಗೆಯ ಮೀನುಗಳ ಕುರಿತ ಗ್ರಂಥದಲ್ಲಿ ಅದನ್ನು ವಿಜ್ಞಾನಕ್ಕೆ ಪರಿಚಯಿಸಿದವನು ಫ್ರಾನ್ಸಿಸ್ ಬುಕಾನನ್ ಹ್ಯಾಮಿಲ್ಟನ್. ಟಿಪ್ಪು ಬಿದ್ದ ಮರುವರ್ಷ ಮೈಸೂರು, ಕೆನರಾ ಸೀಮೆಯನ್ನು ಸುತ್ತಿ ಬೆಳೆ, ಬಾವಿ, ಕುಲುಮೆ, ಸಂತೆಗಳನ್ನೆಲ್ಲ ಬರೆದಿಟ್ಟ ಬುಕಾನನ್ ಅವನೇ. ಆ ಕಾಟ್ಲಾದ ಅಮೈನೋ ಆಮ್ಲಗಳ ಲೆಕ್ಕವನ್ನು ಜೆ. ರವಿ ಮತ್ತು ಕೆ. ವಿ. ದೇವರಾಜ್ 1991ರಲ್ಲಿ ಪ್ರಕಟಿಸಿದರು. ಮೇವಿನ ಪ್ರೋಟೀನಿನಲ್ಲಿ ಲೈಸಿನ್ ಶೇ. 6.23 ಇರಬೇಕು, ಮೆಥಿಯೊನಿನ್ ಶೇ. 3.55, ಥ್ರಿಯೊನಿನ್ ಶೇ. 4.95. ಟ್ರಿಪ್ಟೊಫ್ಯಾನ್ ಶೇ. 0.95 ಸಾಕು, ಆದರೆ ಆ ಒಂದು ಪಾಲಿಲ್ಲದೆ ನಡೆಯದು. ಸಾಮಾನ್ಯ ಗೆಂಡೆಗೆ ಜಪಾನಿನ ನೋಸೆ 1979ರಲ್ಲಿ ಕೊಟ್ಟ ಲೈಸಿನ್ ಅಂಕಿ ಶೇ. 5.7.

ಈಗ ನಮ್ಮ ರೈತರ ಪರಂಪರೆಯ ಮೇವನ್ನು ಇದರ ಪಕ್ಕ ಇಟ್ಟು ನೋಡಬೇಕು. ಶೇಂಗಾ ಹಿಂಡಿ ಒಂದು ಪಾಲು, ಅಕ್ಕಿ ತೌಡು ಒಂದು ಪಾಲು. ಹಿಂಡಿ ಎಂಬ ಪದವೇ ಹೇಳುವಂತೆ ಅದು ಎಣ್ಣೆ ಹಿಂಡಿಕೊಂಡ ಮೇಲೆ ಉಳಿದದ್ದು. ಎಣ್ಣೆ ಹೋದರೂ ಪ್ರೋಟೀನ್ ಉಳಿಯುತ್ತದೆ, ಸುಮಾರು ಶೇ. 45. ತೌಡಿನಲ್ಲಿ ಸುಮಾರು ಶೇ. 13. ಸಮಪಾಲು ಬೆರೆಸಿದರೆ ಶೇ. 29ರ ಹತ್ತಿರ ಬರುತ್ತದೆ. ಗೆಂಡೆಜಾತಿಗೆ ಚೆನ್ನಾಗಿಯೇ ಆಯಿತು ಅನ್ನಿಸುತ್ತದೆ. ಒಳಗೆ ಇಣುಕಿದರೆ ಬೇರೆಯೇ ಚಿತ್ರ. ಶೇಂಗಾದ ಪ್ರೋಟೀನಿನಲ್ಲಿ ಆರ್ಜಿನೈನ್ ಧಾರಾಳ, ಲೈಸಿನ್ ಸುಮಾರು ಶೇ. 3.5 ಮಾತ್ರ, ಮೆಥಿಯೊನಿನ್ ಶೇ. 1ರ ಆಸುಪಾಸು. ತೌಡು ಸ್ವಲ್ಪ ವಾಸಿ, ಆದರೆ ಅದರಲ್ಲಿ ಪ್ರೋಟೀನೇ ಕಡಿಮೆ. ಕೂಡಿಸಿ ಲೆಕ್ಕ ಹಾಕಿದರೆ ನೂರು ಕಿಲೋ ಮೇವಿನಲ್ಲಿ ಲೈಸಿನ್ ಒಂದು ಕಿಲೋ ಚಿಲ್ಲರೆ. ಕಾಟ್ಲಾದ ಅಂಕಿಯಂತೆ ಅಷ್ಟು ಪ್ರೋಟೀನಿಗೆ ಬೇಕಾದದ್ದು ಒಂದು ಕಿಲೋ ಎಂಟುನೂರು ಗ್ರಾಂ. ಮೆಥಿಯೊನಿನ್ ಅರ್ಧವೂ ಇಲ್ಲ.

ಹಾಗಾದರೆ ಇಷ್ಟು ವರ್ಷ ಮೀನು ಬೆಳೆದದ್ದು ಹೇಗೆ? ಸಗಣಿಗೊಬ್ಬರ ಹಾಕಿದ ಹೊಂಡದ ಹಸಿರು ನೀರೇ ಅದಕ್ಕೆ ಉತ್ತರ. ಆ ನೀರಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿ, ಅದನ್ನು ತಿನ್ನುವ ಸಣ್ಣ ಜೀವಿಗಳು ತುಂಬಿರುತ್ತವೆ. ಅವುಗಳ ಪ್ರೋಟೀನಿನಲ್ಲಿ ಲೈಸಿನ್ ಮೆಥಿಯೊನಿನ್ ಹದವಾಗಿರುತ್ತವೆ. ಹಿಂಡಿಯಲ್ಲಿ ಇಲ್ಲದ್ದನ್ನು ನೀರು ತುಂಬಿಕೊಡುತ್ತಿತ್ತು. ಹಳೆಯ ರೈತರ ಈ ಜೋಡಿ ತೀರಾ ಜಾಣತನದ್ದು, ಅದನ್ನು ಹಿಂದುಳಿದ ಪದ್ಧತಿ ಎಂದು ಬದಿಗೊತ್ತುವುದು ತಪ್ಪು. ಎಕರೆಗೆ ಮರಿಗಳ ಸಂಖ್ಯೆ ಏರಿದಾಗ, ಪ್ಲಾಸ್ಟಿಕ್ ಹೊದಿಸಿದ ತೊಟ್ಟಿ, ಪಂಜರ ಬಂದಾಗ ನೀರಿನ ಆ ಪಾಲು ಮಾತ್ರ ಒಂದೊಂದು ಮೀನಿಗೆ ಸಾಲದಾಗುತ್ತದೆ. ಆಗ ಮೇವಿನಲ್ಲಿ ಇಲ್ಲದ್ದು ಮೀನಿಗೆ ಸಿಗುವುದೇ ಇಲ್ಲ.

ಕೊರತೆಯಾದದ್ದನ್ನು ಪುಡಿಯಾಗಿ ಬೆರೆಸಿಬಿಟ್ಟರಾಯಿತಲ್ಲ ಎಂದರೆ ಗೆಂಡೆಜಾತಿ ಸುಲಭವಾಗಿ ಒಪ್ಪದು. ಗೆಂಡೆಗೆ ಜಠರವಿಲ್ಲ. ತಿಂದದ್ದು ನೇರ ಕರುಳಿಗೆ ಇಳಿಯುತ್ತದೆ. ಬಿಡಿ ಹರಳಿನ ಅಮೈನೋ ಆಮ್ಲ ಬೇಗ ರಕ್ತ ಸೇರುತ್ತದೆ. ಹಿಂಡಿಯ ಪ್ರೋಟೀನಿನಿಂದ ಬಿಚ್ಚಿಕೊಳ್ಳಬೇಕಾದ ಉಳಿದವು ನಿಧಾನವಾಗಿ ಬರುತ್ತವೆ. ಎಲ್ಲ ಒಟ್ಟಿಗೆ ಸೇರಿದಾಗಲೇ ಮಾಂಸ ಕಟ್ಟಲು ಸಾಧ್ಯ. ಮೊದಲು ಬಂದದ್ದು ಕಾಯುತ್ತ ಕೂರುವುದಿಲ್ಲ, ಕಿವಿರಿನಿಂದಲೂ ಮೂತ್ರದಿಂದಲೂ ಹೊರಟುಹೋಗುತ್ತದೆ, ಇಲ್ಲವೇ ಸುಟ್ಟುಹೋಗುತ್ತದೆ. 1970ರ ದಶಕದಲ್ಲಿ ಜಪಾನಿನವರು ಈ ತೊಡಕಿನ ಜತೆ ಬಹಳ ಗುದ್ದಾಡಿದರು. ಹರಳಿನ ಮೇವಿನ ಹುಳಿಯನ್ನು ಕ್ಷಾರ ಸೇರಿಸಿ ತಗ್ಗಿಸಿದ ಮೇಲೆಯೇ ಗೆಂಡೆಮರಿಗಳು ಅದನ್ನು ತಿಂದು ಬೆಳೆದವು. ದಿನಕ್ಕೆ ಒಂದೇ ಸಲ ಸುರಿಯುವ ಬದಲು ಹಲವು ಸಲ ಸ್ವಲ್ಪ ಸ್ವಲ್ಪ ಕೊಟ್ಟರೆ ನಷ್ಟ ಕಡಿಮೆ ಎಂಬುದೂ ತಿಳಿಯಿತು. ಲೈಸಿನ್ ಪುಡಿ ತಂದು ಹಿಂಡಿಗೆ ಬೆರೆಸಬೇಕೆಂದಿರುವ ರೈತರಿಗೆ ಇದಕ್ಕಿಂತ ಮುಖ್ಯವಾದ ಸೂಚನೆ ಇನ್ನೊಂದಿಲ್ಲ: ಅಂಟು ಬರುವಂತೆ ಕಲಸಿ, ಕಾಳು ಕಟ್ಟಿ, ದಿನಕ್ಕೆ ಮೂರು ನಾಲ್ಕು ಸಲ ಹಂಚಿ ಕೊಡಬೇಕು. ಪುಡಿಯಾಗಿ ಎರಚಿದರೆ ಲೈಸಿನ್ ನೀರಿನಲ್ಲಿ ಕರಗಿಹೋಗುತ್ತದೆ.

ಕೊರತೆಯ ಗುರುತು ಬೆಳವಣಿಗೆ ನಿಲ್ಲುವುದಷ್ಟೇ ಅಲ್ಲ. ಟ್ರಿಪ್ಟೊಫ್ಯಾನ್ ಸಾಲದ ಟ್ರೌಟ್ ಮರಿಯ ಬೆನ್ನುಮೂಳೆ ಹಾವಿನಂತೆ ಸೊಟ್ಟಗಾಗುತ್ತದೆ, ಮೇವು ಸರಿಯಾದರೆ ಮತ್ತೆ ನೆಟ್ಟಗಾಗುತ್ತದೆ. ಲೈಸಿನ್ ಸಾಲದಿದ್ದರೆ ಬಾಲದ ರೆಕ್ಕೆ ಸವೆಯುತ್ತದೆ. ಮೆಥಿಯೊನಿನ್ ಸಾಲದ ಮೀನಿಗೆ ಕಣ್ಣಿನ ಪೊರೆ. ಹಿಸ್ಟಿಡಿನ್ ಕಥೆ ಇಲ್ಲಿ ಮತ್ತೆ ಬರುತ್ತದೆ. 1990ರ ದಶಕದಲ್ಲಿ ಯುರೋಪಿನಲ್ಲಿ ಹುಚ್ಚುಹಸು ರೋಗದ ಭೀತಿ ಹಬ್ಬಿ, ಜಾನುವಾರುಗಳ ರಕ್ತದ ಪುಡಿಯನ್ನು ಮೀನಿನ ಮೇವಿನಿಂದ ಕೈಬಿಟ್ಟರು. ಆಮೇಲೆ ಸಾಕಿದ ಸಾಲ್ಮನ್‌ಗಳ ಕಣ್ಣಲ್ಲಿ ಪೊರೆ ಕಾಣತೊಡಗಿತು. ರಕ್ತದಲ್ಲಿ ಹಿಸ್ಟಿಡಿನ್ ಬಹಳ; ಅದು ಹೋದ ಮೇಲೆ ಮೇವಿನಲ್ಲಿ ಉಳಿದದ್ದು ಬೆಳವಣಿಗೆಗೆ ಸಾಕಾಗುತ್ತಿತ್ತು, ಕಣ್ಣಿನ ಮಸೂರವನ್ನು ತಿಳಿಯಾಗಿ ಇಡಲು ಸಾಕಾಗುತ್ತಿರಲಿಲ್ಲ. ಹಿಸ್ಟಿಡಿನ್ ಹೆಚ್ಚಿಸಿದಾಗ ಪೊರೆ ಕಡಿಮೆಯಾಯಿತು. ‘ಎಷ್ಟು ಬೇಕು’ ಎಂಬ ಪ್ರಶ್ನೆಗೆ ಯಾವುದಕ್ಕಾಗಿ ಬೇಕು ಎಂಬ ಮರುಪ್ರಶ್ನೆಯೂ ಇದೆ ಎಂದು ಕಲಿಸಿದ ಪ್ರಸಂಗ ಅದು. ಮೇವಿನ ಅಂಕಿಗಳನ್ನು ಕೊನೆಯ ಮಾತೆಂದು ಹಿಡಿಯಬಾರದು, ಹೆಚ್ಚಿನವನ್ನು ಮರಿಗಳ ತೂಕ ನೋಡಿ ಗೊತ್ತುಮಾಡಿದ್ದಾರೆ.

ಅಮೈನೋ ಆಮ್ಲಗಳ ಜತೆಗೇ ಹೆಸರಿಸುವ ಟಾರಿನ್ ಎಂಬ ನೆಂಟನೊಬ್ಬನಿದ್ದಾನೆ. ಪ್ರೋಟೀನಿನ ಸರದಲ್ಲಿ ಅದಕ್ಕೆ ಜಾಗವಿಲ್ಲ. ಎತ್ತಿನ ಪಿತ್ತದಿಂದ ಮೊದಲು ಸಿಕ್ಕಿದ್ದರಿಂದ ಎತ್ತಿನ ಲ್ಯಾಟಿನ್ ಹೆಸರು ಅದಕ್ಕೆ ಬಂತು. ಮೀನಿನ ಪುಡಿ ಬಿಟ್ಟು ಬರೀ ಸಸ್ಯದ ಮೇವು ತಿಂದ ಕೆಲವು ಕಡಲಮೀನುಗಳ ಯಕೃತ್ತು ಹಸಿರಾಗುವುದನ್ನು ಜಪಾನಿನಲ್ಲಿ ಕಂಡರು. ಟಾರಿನ್ ಕೊಟ್ಟಾಗ ಅದು ಸರಿಹೋಯಿತು.

ಇನ್ನು ಅಮೈನೋ ಆಮ್ಲ ಹೆಚ್ಚಾದರೆ ಏನು? ಈ ಪದದ ಪಯಣ ಸುತ್ತಿ ಬಂದು ಸೇರುವುದು ಇಲ್ಲಿಗೇ. ದೇಹ ಅಮೈನೋ ಆಮ್ಲವನ್ನು ಕೊಬ್ಬಿನಂತೆ ಕೂಡಿಡಲಾರದು. ಕೆಲಸಕ್ಕೆ ಬಾರದೆ ಉಳಿದದ್ದರಿಂದ ಅಮೈನೋ ಭಾಗವನ್ನು ಕಳಚಿ, ಇಂಗಾಲದ ಭಾಗವನ್ನು ಸೌದೆಯಾಗಿ ಉರಿಸುತ್ತದೆ. ಕಳಚಿದ ಅಮೈನೋ ಭಾಗ ಮತ್ತೆ ಅಮೋನಿಯಾ. ನಾವು ಅದನ್ನು ಯೂರಿಯಾ ಮಾಡಿ ಮೂತ್ರದಲ್ಲಿ ಬಿಡುತ್ತೇವೆ, ಹಕ್ಕಿಗಳು ಯೂರಿಕ್ ಆಮ್ಲವಾಗಿಸಿ ಬಿಳಿ ಹಿಕ್ಕೆಯಲ್ಲಿ ಬಿಡುತ್ತವೆ. ಮೀನಿಗೆ ಆ ಖರ್ಚೇ ಇಲ್ಲ. ಸುತ್ತ ನೀರಿದೆ, ಅಮೋನಿಯಾ ನೀರಿನಲ್ಲಿ ಚೆನ್ನಾಗಿ ಕರಗುತ್ತದೆ, ಕಿವಿರಿನಿಂದ ನೇರ ಹೊರಗೆ. ಗೆಂಡೆಯಂಥ ಮೀನಿನ ಸಾರಜನಕ ತ್ಯಾಜ್ಯದಲ್ಲಿ ಬಹುಪಾಲು ಹೀಗೇ ಹೋಗುತ್ತದೆ.

ಹೊಳೆಯಲ್ಲಾದರೆ ಅದು ಕೊಚ್ಚಿಹೋಗುತ್ತದೆ, ಹೊಂಡದಲ್ಲಿ ಉಳಿಯುತ್ತದೆ. ಪರೀಕ್ಷೆಯ ಕಿಟ್‌ನ ಹನಿಗಳನ್ನು ಹೊಂಡದ ನೀರಿಗೆ ಹಾಕಿ ಬಣ್ಣ ತಿರುಗುವುದನ್ನು ನೋಡುವ ರೈತರು ಕಾಯುವುದು ಈ ಅಮೋನಿಯಾಕ್ಕೇ. ಅದರ ವಿಷ ನೀರಿನ ಪಿಎಚ್ ಮೇಲೆ ನಿಂತಿದೆ. 25 ಡಿಗ್ರಿ ಬಿಸಿಯಲ್ಲಿ ಪಿಎಚ್ 7 ಇದ್ದರೆ ಒಟ್ಟು ಅಮೋನಿಯಾದಲ್ಲಿ ವಿಷಕಾರಿ ರೂಪ ನೂರಕ್ಕೆ ಒಂದು ಪಾಲೂ ಇಲ್ಲ. ಪಿಎಚ್ 9ಕ್ಕೆ ಏರಿದರೆ ಮೂರರಲ್ಲಿ ಒಂದು ಪಾಲು ದಾಟುತ್ತದೆ. ಬಿಸಿಲಿಗೆ ಪಾಚಿ ನೀರಿನ ಇಂಗಾಲದ ಡೈಆಕ್ಸೈಡನ್ನು ಹೀರಿಕೊಳ್ಳುವುದರಿಂದ ಪಿಎಚ್ ಏರುವುದು ಮಧ್ಯಾಹ್ನ ಕಳೆದ ಮೇಲೆ. ಬೆಳಿಗ್ಗೆ ಸರಿಯಿದ್ದ ನೀರು ಇಳಿಹೊತ್ತಿಗೆ ಮೀನಿನ ಕಿವಿರು ಸುಡುವುದು ಹೀಗೆ. ಲೈಸಿನ್ ಕಡಿಮೆ ಇರುವ, ಆರ್ಜಿನೈನ್ ಹೆಚ್ಚಿರುವ ಮೇವನ್ನು ‘ಪ್ರೋಟೀನ್ ಸಾಲದು’ ಎಂದು ಇನ್ನಷ್ಟು ಸುರಿದರೆ, ಮಾಂಸವಾಗಲಾರದ ಪಾಲೆಲ್ಲ ಅಮೋನಿಯಾವಾಗಿ ಅದೇ ನೀರಿಗೆ ಸೇರುತ್ತದೆ. ಹಣ ಕೊಟ್ಟು ಕೊಂಡ ಹಿಂಡಿ ವಿಷವಾಗಿ ಮರಳುವ ಈ ಲೆಕ್ಕ ನನ್ನನ್ನು ಬಹಳ ಕಾಡುತ್ತದೆ. ಲೈಸಿನ್ ಪುಡಿಯ ಹುಟ್ಟಿನಲ್ಲೂ ಅಮೋನಿಯಾ ಇದೆ: 1950ರ ದಶಕದಲ್ಲಿ ಜಪಾನಿನ ಶುಕುವೊ ಕಿನೋಷಿಟಾ ತಂಡ ಕಂಡುಕೊಂಡ ಬ್ಯಾಕ್ಟೀರಿಯಾಕ್ಕೆ ಕಾಕಂಬಿಯನ್ನೂ ಅಮೋನಿಯಾವನ್ನೂ ಉಣಿಸಿ, ಹುದುಗಿಸಿ ಅದನ್ನು ಪಡೆಯುತ್ತಾರೆ.

ಮೇವಿನ ಚೀಲದ ಮೇಲೆ ಅಚ್ಚಾಗಿರುವ ‘ಕಚ್ಚಾ ಪ್ರೋಟೀನ್’ ಕೂಡ ಬಿಚ್ಚಿ ನೋಡಿದರೆ ಅಮೋನಿಯಾದ ಎಣಿಕೆಯೇ. 1883ರಲ್ಲಿ ಡೆನ್ಮಾರ್ಕಿನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದ ಯೋಹಾನ್ ಕೆಲ್ಡಾಲ್ ಕಂಡುಹಿಡಿದ ವಿಧಾನ ಇಂದಿಗೂ ನಡೆಯುತ್ತಿದೆ: ಮೇವನ್ನು ಗಂಧಕಾಮ್ಲದಲ್ಲಿ ಕುದಿಸಿ ಅದರ ಸಾರಜನಕವನ್ನೆಲ್ಲ ಅಮೋನಿಯಾ ಮಾಡಿ, ಅಳೆದು, 6.25ರಿಂದ ಗುಣಿಸುತ್ತಾರೆ. ಪ್ರೋಟೀನಿನಲ್ಲಿ ಸಾರಜನಕ ಸುಮಾರು ಶೇ. 16 ಇರುತ್ತದೆ ಎಂಬುದು ಆ ಗುಣಕದ ಆಧಾರ. ಅಲ್ಲಿ ಲೈಸಿನ್ ಇದೆಯೋ ಇಲ್ಲವೋ ಈ ಅಳತೆಗೆ ಗೊತ್ತಾಗದು. ಯೂರಿಯಾ ಬೆರೆಸಿದರೂ ಅಂಕಿ ಏರುತ್ತದೆ. ತೂಕದ ಮೂರರಲ್ಲಿ ಎರಡು ಪಾಲು ಸಾರಜನಕವೇ ಇರುವ ಮೆಲಮಿನ್ ಬೆರೆಸಿದ ಗೋಧಿ ಪದಾರ್ಥ 2007ರಲ್ಲಿ ಉತ್ತರ ಅಮೆರಿಕದಲ್ಲಿ ನಾಯಿ ಬೆಕ್ಕುಗಳ ಆಹಾರಕ್ಕೂ ಮೀನಿನ ಮೇವಿಗೂ ಸೇರಿದ್ದು ಹಾಗೆಯೇ.

ಆದ್ದರಿಂದ ಮೇವು ಕೊಳ್ಳುವ ಮೀನುಕೃಷಿಕರಲ್ಲಿ ನನ್ನ ವಿನಂತಿ: ಪ್ರೋಟೀನ್ ಎಷ್ಟು ಎಂದು ಕೇಳಿದ ಮೇಲೆ ಅಲ್ಲಿಗೇ ನಿಲ್ಲಬೇಡಿ, ಲೈಸಿನ್ ಎಷ್ಟು, ಮೆಥಿಯೊನಿನ್ ಎಷ್ಟು ಎಂದು ಕೇಳಿ. ಮೇವು ತಯಾರಿಸುವವರು ಆ ಎರಡು ಅಂಕಿಗಳನ್ನು ಚೀಲದ ಮೇಲೆ ದೊಡ್ಡ ಕನ್ನಡ ಅಕ್ಷರಗಳಲ್ಲಿ ಅಚ್ಚು ಹಾಕಬೇಕು.